ರಸಮಂಜರಿ ವೇದಿಕೆಯಲ್ಲಿ ಎಲೆಕ್ಟ್ರಿಕ್ ಗಿಟಾರ್: ಆಂಪ್ ಮತ್ತು ಪ್ರೊಸೆಸರ್ ಆಯ್ಕೆಯ ಒಂದು ಪ್ರಕರಣ ಅಧ್ಯಯನ

ಕಲಬುರಗಿ ನಗರದ ಒಂದು ರಸಮಂಜರಿ ತಂಡದ ಲೀಡ್ ಗಿಟಾರ್ ವಾದಕರು ತಮ್ಮ ವೇದಿಕೆಯ ಸಲಕರಣೆಯನ್ನು ಬದಲಿಸಿಕೊಂಡ ಬಗೆಯನ್ನು ಇಲ್ಲಿ ವಿವರವಾಗಿ ದಾಖಲಿಸಿದ್ದೇನೆ. ಆ ತಂಡದ ಬಹುಪಾಲು ಕಾರ್ಯಕ್ರಮಗಳಲ್ಲಿ ಮಿಕ್ಸರ್ ಮುಂದೆ ಕೂರುವವನು ನಾನು. ಆದ್ದರಿಂದ ಈ ಬರಹದಲ್ಲಿ ವೇದಿಕೆಯ ಮೇಲಿನ ಕಿವಿಗಿಂತ ಸಭಿಕರ ನಡುವಿನ ಕಿವಿಗೆ ಹೆಚ್ಚು ಬೆಲೆ ಸಿಕ್ಕಿದ್ದರೆ ಅದಕ್ಕೆ ಕಾರಣ ನನ್ನ ಕುರ್ಚಿಯ ಜಾಗ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸಭಿಕರು ಗಿಟಾರನ್ನು ಯಾವ ಸ್ಪೀಕರಿನಿಂದ ಕೇಳುತ್ತಾರೆ ಎಂಬುದು ಮೊದಲು ತೀರ್ಮಾನವಾಗಬೇಕು. ಗಿಟಾರಿನ ನಾದವನ್ನು ಜೋರು ಮಾಡುವ ಆಂಪ್ ಯಾವುದು, ಆ ನಾದದ ಬಣ್ಣ ಬದಲಿಸುವ ಎಫೆಕ್ಟ್ ಯಾವುದು ಎಂಬುದು ಅದರ ನಂತರದ ಮಾತು. ನಮ್ಮ ಭಾಗದ ಬಹಳಷ್ಟು ವಾದಕರು ಈ ಕ್ರಮವನ್ನು ತಿರುವುಮುರುವು ಮಾಡಿ, ಅಂಗಡಿಯಲ್ಲಿ ಕುಳಿತು ಕೇಳಿದ ನಾದಕ್ಕೆ ಮನಸೋತು ಹಣ ಕಟ್ಟುತ್ತಾರೆ.

ತಂಡ, ವೇದಿಕೆ ಮತ್ತು ತೊಂದರೆ

ತಂಡದಲ್ಲಿ ಇಬ್ಬರು ಗಾಯಕರು, ಒಬ್ಬ ಗಾಯಕಿ, ಕೀಬೋರ್ಡ್, ಪ್ಯಾಡ್ (ಎಲೆಕ್ಟ್ರಾನಿಕ್ ತಾಳವಾದ್ಯ), ಢೋಲಕ್, ಬೇಸ್ ಗಿಟಾರ್ ಮತ್ತು ಲೀಡ್ ಗಿಟಾರ್ ಇವೆ. ಸಂಕ್ರಾಂತಿಯಿಂದ ಬೇಸಿಗೆಯವರೆಗೆ ಜಾತ್ರೆಗಳು, ಅದರ ಬೆನ್ನಿಗೇ ಮದುವೆಯ ಆರತಕ್ಷತೆಗಳು, ಮುಂದೆ ಗಣೇಶ ಮಂಡಳಿಗಳು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಆಸುಪಾಸಿನಲ್ಲಿ ಕೆಲವು ಸಾರ್ವಜನಿಕ ಕಾರ್ಯಕ್ರಮಗಳು: ಇದು ತಂಡದ ವರ್ಷದ ಲೆಕ್ಕ. ನಗರದಲ್ಲಿ ಕಲ್ಯಾಣ ಮಂಟಪಗಳು ಮತ್ತು ಅಪರೂಪಕ್ಕೆ ಡಾ. ಎಸ್.ಎಂ. ಪಂಡಿತ ರಂಗಮಂದಿರ ಸಿಗುತ್ತವೆ. ಉಳಿದಂತೆ ಸೇಡಂ, ಚಿತ್ತಾಪುರ, ಶಹಾಪುರ, ಹುಮನಾಬಾದ್, ಬಸವಕಲ್ಯಾಣದ ಕಡೆಯ ಊರುಗಳ ಬಯಲು ವೇದಿಕೆಗಳೇ ಹೆಚ್ಚು. ಕಲಾವಿದರೂ ವಾದ್ಯಗಳೂ ಒಂದೇ ಕ್ರೂಸರಿನಲ್ಲಿ ಹೋಗಬೇಕು. ಸೌಂಡ್ ಸಿಸ್ಟಮ್ ಆಯಾ ಊರಿನ ಬಾಡಿಗೆಯವರದು; ಒಂದು ಊರಿನ ಮಿಕ್ಸರ್ ಇನ್ನೊಂದು ಊರಿನದಕ್ಕೆ ಹೋಲುವುದಿಲ್ಲ.

ಹಾಡುಗಳ ಪಟ್ಟಿಯೂ ಸಲಕರಣೆಯ ಆಯ್ಕೆಯಲ್ಲಿ ಪಾತ್ರ ವಹಿಸುತ್ತದೆ. ಕಾರ್ಯಕ್ರಮ ಒಂದು ವಚನದಿಂದಲೋ ತತ್ವಪದದಿಂದಲೋ ಆರಂಭವಾಗಿ, ಹಳೆಯ ಚಿತ್ರಗೀತೆಗಳಿಗೆ ಹೊರಳಿ, ನಡುವೆ ಸಭಿಕರ ಚೀಟಿಯ ಮೇಲೆ ಬಂದ ಹಿಂದಿ ಹಾಡುಗಳನ್ನೂ ಕೆಲವು ಊರುಗಳಲ್ಲಿ ಮರಾಠಿ ಹಾಡುಗಳನ್ನೂ ಮುಟ್ಟಿ, ಕೊನೆಗೆ ಕುಣಿತದ ಹೊಸ ಹಾಡುಗಳಲ್ಲಿ ಮುಗಿಯುತ್ತದೆ. ಒಂದೇ ಸಂಜೆಯಲ್ಲಿ ಗಿಟಾರ್ ವಾದಕರಿಗೆ ಶುದ್ಧ ನಾದದ ಸ್ಟ್ರಮ್ಮಿಂಗ್, ಕೋರಸ್ (ಹಲವು ಗಿಟಾರ್ ನುಡಿದಂಥ ಅಲೆ) ಹಾಕಿ ಬಿಡಿಬಿಡಿಯಾಗಿ ಮೀಟುವ ತಂತಿಗಳು, 'ವಾ ವಾ' ಎನ್ನುವ ವಾ ಪೆಡಲಿನ ಲಯ, ಉದ್ದನೆಯ ಡಿಲೇ (ಪ್ರತಿಧ್ವನಿ) ಇರುವ ಲೀಡ್ ಮತ್ತು ದಪ್ಪನೆಯ ಡಿಸ್ಟಾರ್ಶನ್ (ಒಡೆದ ನಾದ) ಬೇಕಾಗುತ್ತವೆ. ಹಾಡಿನಿಂದ ಹಾಡಿಗೆ ಸಿಗುವ ಸಮಯ ನಿರೂಪಕರು ಎರಡು ಮಾತು ಆಡುವಷ್ಟು ಮಾತ್ರ.

ವಾದಕರ ಬಳಿ ಮೊದಲು ಇದ್ದದ್ದು ಸ್ಟ್ರಾಟ್ ಮಾದರಿಯ ಒಂದು ಗಿಟಾರ್, ಎಂಟು ಇಂಚಿನ ಸ್ಪೀಕರ್ ಇರುವ 15 ವ್ಯಾಟಿನ ಅಭ್ಯಾಸದ ಆಂಪ್, ಹಾಗೂ ನಾದವನ್ನು ಹದವಾಗಿ ಒಡೆಯುವ ಓವರ್‌ಡ್ರೈವ್, ಕೋರಸ್, ಡಿಲೇ ಎಂಬ ಮೂರು ಬಿಡಿ ಪೆಡಲುಗಳು. ಗಿಟಾರಿನ ಕುತ್ತಿಗೆಯ ಕಡೆಗೆ ಎರಡು ಸಿಂಗಲ್ ಕಾಯಿಲ್, ಸೇತುವೆಯ ಬಳಿ ಒಂದು ಹಂಬಕರ್ ಪಿಕಪ್ ಇದ್ದವು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವುದು ಪಿಕಪ್; ಸಿಂಗಲ್ ಕಾಯಿಲ್ ಸುತ್ತಲಿನ ವಿದ್ಯುತ್ ಸದ್ದನ್ನೂ ಹೀರುತ್ತದೆ, ಎರಡು ಸುರುಳಿಯ ಹಂಬಕರ್ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಆಂಪನ್ನು ಬೆನ್ನ ಹಿಂದೆ ಕುರ್ಚಿಯ ಮೇಲಿಟ್ಟು, ಅದರ ಮುಂದೆ ಒಂದು ಹಾಡುವ ಮೈಕ್ ನಿಲ್ಲಿಸುವುದು ರೂಢಿಯಾಗಿತ್ತು. ಇದರ ಫಲ ಊರೂರಿಗೆ ಬೇರೆಯಾಗಿತ್ತು. ಕಲ್ಯಾಣ ಮಂಟಪದಲ್ಲಿ ಮೊದಲ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಊಟದ ಪಂಕ್ತಿಯವರಿಗೆ ಗಿಟಾರ್ ಇದೆಯೆಂಬುದೇ ತಿಳಿಯುತ್ತಿರಲಿಲ್ಲ. ಬಯಲಿನಲ್ಲಿ ಅದೇ ಮೈಕ್ ಢೋಲಕ್ಕನ್ನೂ ಪಕ್ಕದ ಮಾನಿಟರನ್ನೂ (ಕಲಾವಿದರು ತಮ್ಮನ್ನು ತಾವು ಕೇಳಿಕೊಳ್ಳುವ ಸ್ಪೀಕರ್) ಎಳೆದುಕೊಂಡು, ಮಿಕ್ಸರಿನಲ್ಲಿ ಗಿಟಾರಿನ ಫೇಡರ್ (ಜೋರು ಹೊಂದಿಸುವ ಜಾರುಗುಂಡಿ) ಏರಿಸಿದಾಗಲೆಲ್ಲ ಸೀಟಿ ಹೊಡೆಯುತ್ತಿತ್ತು. ಕುಣಿಯುವವರ ಕಾಲು ತಾಗಿ ಮೈಕ್ ಸ್ಟ್ಯಾಂಡ್ ತಿರುಗಿದರಂತೂ ಹಾಡು ಮುಗಿಯುವವರೆಗೆ ಏನೂ ಮಾಡುವಂತಿರಲಿಲ್ಲ. "ಅಣ್ಣಾ, ಗಿಟಾರ್ ಕೇಳಸವಲ್ದು" ಎಂದು ಸಂಘಟಕರು ನನ್ನ ಬಳಿ ಬರುವುದೂ, "ಆ ಡಬ್ಬಿ ಆವಾಜ್ ಕಡಿಮಿ ಮಾಡ್ರಿ" ಎಂದು ಗಾಯಕಿ ವಾದಕರಿಗೆ ಹೇಳುವುದೂ ಒಂದೇ ಹಾಡಿನಲ್ಲಿ ನಡೆಯುತ್ತಿತ್ತು.

ಇಬ್ಬರ ದೂರೂ ನಿಜವೇ ಆಗಿತ್ತು, ಮತ್ತು ಅದರ ಹಿಂದೆ ಸರಳವಾದ ಲೆಕ್ಕವಿದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 97 ಡೆಸಿಬೆಲ್ ಹೊಮ್ಮಿಸುವ ಸಾಧಾರಣ ಗಿಟಾರ್ ಸ್ಪೀಕರಿಗೆ 15 ವ್ಯಾಟ್ ಕೊಟ್ಟರೆ ಸುಮಾರು 109 ಡೆಸಿಬೆಲ್ ಆಗುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಸಹಿಸಲಾಗದ ಮಟ್ಟ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುವುದರಿಂದ, ಹದಿನಾರು ಮೀಟರ್ ಆಚೆಗೆ ಉಳಿಯುವುದು ಸುಮಾರು 85. ಸೌಂಡ್ ಸಿಸ್ಟಮಿನ ದೊಡ್ಡ ಪೆಟ್ಟಿಗೆಗಳ ನಡುವೆ ಅದು ಮುಳುಗಿಹೋಗುತ್ತದೆ. ಇದರ ಮೇಲೆ ಗಿಟಾರ್ ಸ್ಪೀಕರಿನ ಮೇಲ್ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೇ ಹೋಗುತ್ತವೆ. ಎದುರಿನ ನಾಲ್ಕು ಕುರ್ಚಿಯವರಿಗೆ ಚುಚ್ಚುವ ನಾದ, ಪಕ್ಕದಲ್ಲಿ ನಿಂತ ವಾದಕರಿಗೆ ಮಂಕಾದ ನಾದ. ಮಂಕಾಗಿ ಕೇಳಿದ್ದರಿಂದ ಅವರು ಟ್ರೆಬಲ್ ಇನ್ನಷ್ಟು ಏರಿಸುತ್ತಿದ್ದರು.

ಕೈಬಿಟ್ಟ ದಾರಿಗಳು

ಹೊಸ ಸಲಕರಣೆಗೆ ವಾದಕರು 40,000 ರೂಪಾಯಿ ತೆಗೆದಿಟ್ಟಿದ್ದರು. ಹಗಲು ಖಾಸಗಿ ಶಾಲೆಯಲ್ಲಿ ಸಂಗೀತ ಕಲಿಸುವ ಅವರಿಗೆ ಇದು ಸಣ್ಣ ಮೊತ್ತವಲ್ಲ. ಅವರ ಮನಸ್ಸು ಹೈದರಾಬಾದಿನಲ್ಲಿ ಕೇಳಿಬಂದಿದ್ದ ಒಂದು ಟ್ಯೂಬ್ ಆಂಪಿನ, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ಕೊಳವೆಗಳ ಮೇಲೆ ನಡೆಯುವ ಆಂಪಿನ, ಮೇಲಿತ್ತು. ಚೀಟಿ ಹಣವನ್ನೂ ಸೇರಿಸಿ, ಬಳಸಿದ್ದಾದರೂ ಸರಿ, ಅಂಥದ್ದೊಂದನ್ನು ತರಬೇಕೆಂದಿದ್ದರು. ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಟ್ಯೂಬ್ ಆಂಪ್ ತನ್ನ ಮಿತಿಯ ಹತ್ತಿರ ದುಡಿಯುವಾಗ ಮೃದುವಾಗಿ ಮೀಟಿದರೆ ಶುದ್ಧವಾಗಿಯೂ ಬಲವಾಗಿ ಮೀಟಿದರೆ ಸ್ವಲ್ಪ ಒಡೆದೂ ನುಡಿಯುವ ಗುಣವಿದೆ, ಮತ್ತು ಆ ಸ್ಪಂದನ ಬೆರಳಿಗೆ ತಿಳಿಯುತ್ತದೆ. ಆದರೆ ಆ ಗುಣ ಬರುವುದು ಆಂಪನ್ನು ಸಾಕಷ್ಟು ಏರಿಸಿದಾಗ. ಹದಿನೈದು ವ್ಯಾಟಿನ ಟ್ಯೂಬ್ ಆಂಪೂ ಆ ಮಟ್ಟದಲ್ಲಿ ಗಾಯಕರ ಮಾನಿಟರನ್ನು ನುಂಗುತ್ತದೆ. ಮೂವತ್ತು ವ್ಯಾಟಿನದು ತಂದರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಹೀಗಾಗಿ ದೊಡ್ಡ ಆಂಪ್ ತಂದರೂ ಹಿಂದಿನ ಸಾಲಿನವರಿಗೆ ಗಿಟಾರ್ ಮುಟ್ಟುವುದು ಮೈಕ್ ಮತ್ತು ಮಿಕ್ಸರಿನ ಮೂಲಕವೇ.

ತೂಕದ ವಿಚಾರ ಇನ್ನೂ ಕಠೋರವಾಗಿತ್ತು. ಪ್ರಸಿದ್ಧ ವಾಕ್ಸ್ ಎಸಿ30 ಸುಮಾರು 32 ಕಿಲೋ, ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋ, ಟ್ಯೂಬ್ ಇಲ್ಲದ ರೋಲಂಡ್ ಜೆಸಿ-120 ಕೂಡ 28 ಕಿಲೋ ತೂಗುತ್ತವೆ. ಕ್ರೂಸರಿನಲ್ಲಿ ಅಂಥದ್ದು ಕೂತರೆ ಒಬ್ಬ ಕಲಾವಿದ ಬಸ್ಸಿಗೆ ಹೋಗಬೇಕಾಗುತ್ತದೆ. ನಮ್ಮ ಹಳ್ಳಿ ದಾರಿಗಳ ಕುಲುಕಾಟ ಗಾಜಿನ ಟ್ಯೂಬುಗಳಿಗೆ ಹಿತವಲ್ಲ. ಬಲ್ಲವರಿಂದ ಟ್ಯೂಬ್ ಬದಲಿಸಿ ಬಯಾಸ್ (ಟ್ಯೂಬಿನಲ್ಲಿ ಹರಿಯುವ ವಿದ್ಯುತ್ತಿನ ಮಟ್ಟ) ಹೊಂದಿಸಿಕೊಳ್ಳಲು ಹೈದರಾಬಾದಿಗೇ ಕಳುಹಿಸಬೇಕು. ಬ್ಲೂಸ್ ನುಡಿಸುವ ಮೂವರ ತಂಡ, ಅರವತ್ತು ಜನ ಕೂರುವ ಕೋಣೆ, ಆಂಪ್ ಅಲ್ಲೇ ಇರುವ ವ್ಯವಸ್ಥೆ ಇದ್ದಿದ್ದರೆ ನಾನೇ ಟ್ಯೂಬ್ ಆಂಪ್ ತನ್ನಿ ಎನ್ನುತ್ತಿದ್ದೆ. ಇಲ್ಲಿ ಅಂಥ ಪರಿಸ್ಥಿತಿ ಇರಲಿಲ್ಲ.

ಎರಡನೆಯ ದಾರಿ, ಬೇರೆ ಬೇರೆ ಆಂಪುಗಳ ನಾದವನ್ನು ಡಿಜಿಟಲ್ ಆಗಿ ಅನುಕರಿಸುವ 50 ವ್ಯಾಟಿನ ಮಾಡೆಲಿಂಗ್ ಆಂಪ್. ಬಾಸ್ ಕಂಪನಿ 2016ರಲ್ಲಿ ಹೊರತಂದ ಕಟಾನಾ ಸರಣಿಯನ್ನು ಅವರ ಗೆಳೆಯರೊಬ್ಬರು ಬಳಸುತ್ತಿದ್ದರು. ಸುಮಾರು ಹನ್ನೆರಡು ಕಿಲೋ ತೂಕ, ಒಳಗೇ ಎಫೆಕ್ಟುಗಳು, ಬೇಕೆಂದರೆ ಶಕ್ತಿಯನ್ನು ಅರ್ಧ ವ್ಯಾಟಿಗೆ ಇಳಿಸುವ ಸೌಲಭ್ಯ: ಒಳ್ಳೆಯ ವಸ್ತುವೆಂಬುದರಲ್ಲಿ ಸಂಶಯವಿಲ್ಲ, ಮನೆಯಲ್ಲೂ ಸಣ್ಣ ಸಭೆಯಲ್ಲೂ ಅದರಷ್ಟು ಉಪಯೋಗದ್ದು ಆ ಬೆಲೆಗೆ ಕಡಿಮೆ. ಆದರೆ ಅದರ 50 ವ್ಯಾಟಿನ ಮಾದರಿಯಲ್ಲಿ ಹೆಡ್‌ಫೋನ್ ಮತ್ತು ರೆಕಾರ್ಡಿಂಗಿಗೆ ಇರುವ ಒಂದೇ ಜ್ಯಾಕಿಗೆ ಪಿನ್ ಹಾಕಿದರೆ ಆಂಪಿನ ಸ್ಪೀಕರ್ ನಿಂತುಹೋಗುತ್ತದೆ. ಮಿಕ್ಸರಿಗೆ ತಂತಿ ಎಳೆದರೆ ವೇದಿಕೆಯಲ್ಲಿ ನಾದವಿಲ್ಲ, ವೇದಿಕೆಯಲ್ಲಿ ನಾದ ಬೇಕೆಂದರೆ ಮತ್ತೆ ಆ ಮೈಕ್ ಸ್ಟ್ಯಾಂಡೇ ಗತಿ. ಹನ್ನೆರಡು ಕಿಲೋ ಹೊತ್ತು ಹಳೆಯ ತೊಂದರೆಯನ್ನೇ ವೇದಿಕೆಗೆ ಏರಿಸುವುದರಲ್ಲಿ ಅರ್ಥ ಕಾಣಲಿಲ್ಲ.

ಇದ್ದ ಆಂಪಿಗೇ ಶೂರ್ ಎಸ್‌ಎಂ57ನಂಥ ವಾದ್ಯದ ಮೈಕ್ ತಂದು, ಬಟ್ಟೆಗೆ ತಾಗುವಷ್ಟು ಹತ್ತಿರ ನಿಲ್ಲಿಸುವುದು ಎಲ್ಲಕ್ಕಿಂತ ಅಗ್ಗದ ದಾರಿಯಾಗಿತ್ತು. ರಂಗಮಂದಿರದಂಥ ಶಿಸ್ತಿನ ಜಾಗದಲ್ಲಿ ಅದು ಸಾಕಾಗುತ್ತಿತ್ತು ಕೂಡ. ಎಂಟು ಇಂಚಿನ ಸ್ಪೀಕರಿನ ಪೆಟ್ಟಿಗೆಯೊಳಗಿನ ನಾದ ಮೈಕಿನಿಂದ ಬದಲಾಗುವುದಿಲ್ಲವಾದ್ದರಿಂದ ಅದನ್ನೂ ಬಿಟ್ಟೆವು.

ಮೂರು ಪೆಡಲುಗಳಿಂದ ನೇರವಾಗಿ ಮಿಕ್ಸರಿಗೆ ಹೋಗಬಹುದಲ್ಲ ಎಂಬ ಪ್ರಶ್ನೆಯನ್ನು ವಾದಕರೇ ಎತ್ತಿದರು. ನಮ್ಮ ಕಡೆ ಹೀಗೆ ಮಾಡುವವರು ಅನೇಕರಿದ್ದಾರೆ, ಹೀಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟಾರಿನ ಪಿಕಪ್ಪಿಗೆ ಸುಮಾರು ಹತ್ತು ಲಕ್ಷ ಓಮ್‌ನಷ್ಟು ಪ್ರತಿರೋಧವಿರುವ ಇನ್‌ಪುಟ್ ಬೇಕು. ಮಿಕ್ಸರಿನ ಲೈನ್ ಇನ್‌ಪುಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಹತ್ತಿಪ್ಪತ್ತು ಸಾವಿರ ಓಮ್. ಬರಿಯ ಗಿಟಾರನ್ನು ಅಲ್ಲಿಗೆ ಚುಚ್ಚಿದರೆ ತಂತಿಯ ಹೊಳಪೆಲ್ಲ ಸತ್ತುಹೋಗುತ್ತದೆ. ನಡುವೆ ಪೆಡಲ್ ಇದ್ದರೆ ಈ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ, ಆದರೆ ಎರಡನೆಯದು ಉಳಿಯುತ್ತದೆ. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರ್ 5,000 ಹರ್ಟ್ಸ್ ದಾಟಿದ ಮೇಲಿನ ನಾದವನ್ನು ಬಹುಪಾಲು ಹೊರಗೆ ಬಿಡುವುದಿಲ್ಲ, ಮತ್ತು ಡಿಸ್ಟಾರ್ಶನ್ ಪೆಡಲುಗಳೆಲ್ಲ ಆ ಸೋಸುವಿಕೆಯನ್ನು ನಂಬಿಕೊಂಡೇ ರೂಪುಗೊಂಡಿವೆ. ಸೌಂಡ್ ಸಿಸ್ಟಮಿನಲ್ಲಿ ಮೇಲ್ಸ್ವರಗಳನ್ನು ನುಡಿಸುವ ಹಾರ್ನ್ ಅಂಥ ದಯೆ ತೋರಿಸುವುದಿಲ್ಲ. ಆಂಪಿನಲ್ಲಿ ದಪ್ಪಗೆ ಕೇಳಿದ ಓವರ್‌ಡ್ರೈವ್ ಅದರಲ್ಲಿ ಜೀರುಂಡೆಯ ಸದ್ದಾಗುತ್ತದೆ. ಸ್ಪೀಕರ್ ಪೆಟ್ಟಿಗೆಯ ಗುಣವನ್ನು ಅನುಕರಿಸಿ ಸೋಸಿಕೊಡುವ ಕ್ಯಾಬಿನೆಟ್ ಸಿಮ್ಯುಲೇಶನ್ ಇಲ್ಲದೆ ಡಿಸ್ಟಾರ್ಶನ್ ನಾದವನ್ನು ಮಿಕ್ಸರಿಗೆ ಕಳುಹಿಸಬಾರದು. ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ತಾಂತ್ರಿಕ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕು.

ಆಯ್ಕೆ ಮತ್ತು ಜೋಡಣೆ

ಕೀಬೋರ್ಡ್ ಮತ್ತು ಪ್ಯಾಡ್ ಎರಡೂ ಮೊದಲಿನಿಂದ ನೇರವಾಗಿ ಮಿಕ್ಸರಿಗೇ ಬರುತ್ತಿದ್ದವು. ಅವುಗಳಿಂದ ನನಗೆ ಎಂದೂ ಕಿರಿಕಿರಿಯಾಗಿರಲಿಲ್ಲ. ಗಿಟಾರೂ ಆ ಸಾಲಿಗೆ ಸೇರಬೇಕೆಂದು ನಿರ್ಧಾರವಾದ ಮೇಲೆ ಬೇಕಾದದ್ದು, ಆಂಪ್ ಮತ್ತು ಪೆಟ್ಟಿಗೆಯ ಅನುಕರಣೆ ಒಳಗೇ ಇರುವ, ಕಾಲಿನಿಂದ ಬದಲಿಸಬಹುದಾದ, ಎಕ್ಸ್‌ಪ್ರೆಶನ್ ಪೆಡಲ್ (ಪಾದದಿಂದ ಮೇಲೆ ಕೆಳಗೆ ಒತ್ತುವ ಪೆಡಲ್) ಜೊತೆಗಿರುವ ಒಂದು ಪ್ರೊಸೆಸರ್. ವಾದಕರು ಆರಿಸಿದ್ದು ಬಾಸ್ ಜಿಟಿ-1. ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಕದ ಇದು ಗಿಟಾರಿನ ಚೀಲದಲ್ಲೇ ಕೂರುತ್ತದೆ. ಇದಕ್ಕಿಂತ ಉತ್ತಮ ನಾದದ ಪ್ರೊಸೆಸರುಗಳು ಮಾರುಕಟ್ಟೆಯಲ್ಲಿವೆ. ಲೈನ್ 6 ಎಚ್‌ಎಕ್ಸ್ ಸ್ಟಾಂಪ್ ಅಂಥದ್ದರಲ್ಲಿ ಒಂದು, ಆದರೆ ಅದು ಈ ಮೊತ್ತಕ್ಕೆ ಎಟುಕುವುದಿಲ್ಲ. ನನ್ನ ಮಟ್ಟಿಗೆ ನಿರ್ಣಾಯಕವಾದ ಗುಣ ಬೇರೆಯೇ ಆಗಿತ್ತು: ಜಿಟಿ-1 ನಾಲ್ಕು ಪೆನ್ಸಿಲ್ ಸೆಲ್‌ಗಳ ಮೇಲೂ ನಡೆಯುತ್ತದೆ. ಅದರ ಮಹತ್ವ ವಿದ್ಯುತ್ತಿನ ಮಾತು ಬಂದಾಗ ತಿಳಿಯುತ್ತದೆ.

ಪ್ರೊಸೆಸರಿನಿಂದ ಹೊರಬರುವುದು ಸಾಮಾನ್ಯ ಪಿ-38 (ಕಾಲು ಇಂಚಿನ) ಪಿನ್ನಿನ ತಂತಿ. ವೇದಿಕೆಯಿಂದ ಮಿಕ್ಸರಿಗೆ ಮೂವತ್ತು ಮೀಟರ್ ದೂರವಿದ್ದಾಗ ಅಂಥ ತಂತಿ ದಾರಿಯುದ್ದಕ್ಕೂ ಗುಂಯ್‌ಗುಡುವಿಕೆಯನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಇರುವ ಒಂದು ಪ್ಯಾಸಿವ್ (ವಿದ್ಯುತ್ ಪೂರೈಕೆ ಬೇಡದ) ಡಿಐ ಬಾಕ್ಸನ್ನು, ಅಂದರೆ ವಾದ್ಯದ ನಾದವನ್ನು ಸದ್ದು ಹೀರದ ಮೈಕ್ ತಂತಿಗೆ ಹೊಂದಿಸಿಕೊಡುವ ಪೆಟ್ಟಿಗೆಯನ್ನು, ಖರೀದಿಸಿದರು. ಸೌಂಡ್‌ನವರ ಬಳಿ ಡಿಐ ಇರುತ್ತದೆಂದು ನಂಬಿ ಹೋಗುವುದು ಹಳ್ಳಿಯ ಕಾರ್ಯಕ್ರಮಗಳಲ್ಲಿ ಜಾಣತನವಲ್ಲ. ಪ್ರೊಸೆಸರಿನ ಎಡಗಡೆಯ, ಅಂದರೆ ಮೋನೋ ಎಂದೂ ಬರೆದಿರುವ ಜ್ಯಾಕಿನಿಂದ ಡಿಐಗೆ. ಡಿಐಯಿಂದ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತಂತಿಯಲ್ಲಿ ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ. ಟ್ರಾನ್ಸ್‌ಫಾರ್ಮರ್ ಎರಡು ಕಡೆಯ ವಿದ್ಯುತ್ ಮಾರ್ಗಗಳನ್ನು ಬೇರ್ಪಡಿಸುವುದರಿಂದ, ಡಿಐ ಮೇಲಿನ ಗ್ರೌಂಡ್ ಲಿಫ್ಟ್ (ನಾದದ ತಂತಿಯ ಗ್ರೌಂಡ್ ಜೋಡಣೆ ಕಡಿಯುವ) ಗುಂಡಿ ಒತ್ತಿದರೆ ಹೆಚ್ಚಿನ ಸಂದರ್ಭಗಳಲ್ಲಿ ಗುಂಯ್ ಎನ್ನುವುದು ಅಲ್ಲಿಗೇ ನಿಲ್ಲುತ್ತದೆ. ಸ್ಟೀರಿಯೋ ಬೇಡವೆಂದೆ. ಬಯಲಿನಲ್ಲಿ ಎಡ ಪೆಟ್ಟಿಗೆಯ ಮುಂದೆ ಕುಳಿತವರಿಗೆ ಬಲ ಪೆಟ್ಟಿಗೆಯ ಡಿಲೇ ಕೇಳುವುದೇ ಇಲ್ಲ.

ಇನ್ನು ವಾದಕರು ತಮ್ಮ ನಾದವನ್ನು ತಾವು ಕೇಳುವುದು ಹೇಗೆ? ಜನ ಇದನ್ನು ಕೊನೆಗೆ ಯೋಚಿಸುತ್ತಾರೆ, ಮತ್ತು ಆಂಪ್ ಬಿಟ್ಟವರು ಮತ್ತೆ ಆಂಪಿಗೆ ಮರಳುವುದು ಇದೇ ಕಾರಣಕ್ಕೆ. ಬಾಡಿಗೆಯ ಸಿಸ್ಟಮಿನಲ್ಲಿ ಇರುವ ಎರಡು ಮಾನಿಟರುಗಳು ಗಾಯಕರ ಪಾಲು. ಹಳೆಯ 15 ವ್ಯಾಟಿನ ಆಂಪನ್ನೇ ಮಾನಿಟರ್ ಮಾಡಿಕೊಳ್ಳಲು ಅವರು ಯತ್ನಿಸಿದರು. ಪೆಟ್ಟಿಗೆಯ ಅನುಕರಣೆ ಆದ ನಾದ ಮತ್ತೆ ಗಿಟಾರ್ ಸ್ಪೀಕರಿನಲ್ಲಿ ಹಾದು ಎರಡು ಸಲ ಸೋಸಿದಂತಾಗಿ, ಕಂಬಳಿ ಹೊದ್ದ ನಾದ ಬಂತು. ಇದಕ್ಕೆ ಬೇಕಾದದ್ದು ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸುವ ಸ್ಪೀಕರ್. ಅಂಥದ್ದು ತಂಡದಲ್ಲಿ ಆಗಲೇ ಇತ್ತು. ಕೀಬೋರ್ಡ್ ವಾದಕರ ಕೀಬೋರ್ಡ್ ಆಂಪಿನಲ್ಲಿ ಒಂದು ಚಾನೆಲ್ ಖಾಲಿ ಬಿದ್ದಿತ್ತು. ಡಿಐ ಬಾಕ್ಸಿನಲ್ಲಿ ಬಂದ ನಾದವನ್ನು ಹಾಗೆಯೇ ಮುಂದಕ್ಕೆ ಕೊಡುವ ಥ್ರೂ ಜ್ಯಾಕಿನಿಂದ ಆ ಚಾನೆಲ್ಲಿಗೆ ಒಂದು ತಂತಿ ಎಳೆದದ್ದಷ್ಟೇ ಕೆಲಸ. ಇಬ್ಬರೂ ಅಕ್ಕಪಕ್ಕ ನಿಲ್ಲಬೇಕಾಯಿತು, ಮತ್ತು ಅದರಿಂದ ಆದ ಲಾಭವನ್ನು ನಾವ್ಯಾರೂ ಎಣಿಸಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಇಬ್ಬರ ನಾದ ಬಂದಾಗ ಯಾರು ಯಾರನ್ನು ಮುಚ್ಚುತ್ತಿದ್ದಾರೆಂಬುದು ಇಬ್ಬರಿಗೂ ಕೇಳತೊಡಗಿತು. ಕೀಬೋರ್ಡಿನವರು ಗಿಟಾರಿನ ಲೀಡ್ ಬಂದಾಗ ಎಡಗೈಯ ಸ್ಟ್ರಿಂಗ್ಸ್ ನಾದವನ್ನು ತಾವಾಗಿ ಬಿಡಲು ಆರಂಭಿಸಿದರು.

ಡಿಜಿಟಲ್ ಸಾಧನದಲ್ಲಿ ನಾದ ತಡವಾಗಿ ಬರುತ್ತದೆಂಬ ಭಯವೂ ಅವರಿಗಿತ್ತು. ಗಾಳಿಯಲ್ಲಿ ನಾದ ಒಂದು ಮೀಟರ್ ಹೋಗಲು ಸುಮಾರು ಮೂರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಪ್ರೊಸೆಸರಿನ ತಡ ಅಂಥ ಕೆಲವೇ ಮಿಲಿಸೆಕೆಂಡುಗಳದ್ದು. ಆಂಪಿನಿಂದ ಎರಡು ಹೆಜ್ಜೆ ದೂರ ನಿಂತದ್ದಕ್ಕೆ ಸಮ.

ನಾದ ಹೊಂದಿಸಿದ್ದು

ಯಂತ್ರ ಕೊಂಡ ಮೊದಲ ವಾರಗಳಲ್ಲಿ ಗಿಟಾರ್ ಮೊದಲಿಗಿಂತ ಕೆಟ್ಟದಾಗಿ ಕೇಳಿತು. ಪ್ರೊಸೆಸರ್ ಪ್ರಯೋಜನವಿಲ್ಲವೆಂದು ಹಲವರು ಇದೇ ಹಂತದಲ್ಲಿ ಅದನ್ನು ಮಾರಿಬಿಡುತ್ತಾರೆ. ಕಂಪನಿಯವರು ತುಂಬಿ ಕೊಟ್ಟ ಪ್ಯಾಚುಗಳು (ಉಳಿಸಿಟ್ಟ ನಾದದ ಹೊಂದಾಣಿಕೆಗಳು) ಅಂಗಡಿಯಲ್ಲಿ ಗಿರಾಕಿಯನ್ನು ಬೆರಗುಗೊಳಿಸಲು ತಯಾರಾದವು. ಅವುಗಳಲ್ಲಿ ರಿವರ್ಬ್ (ದೊಡ್ಡ ಕೋಣೆಯ ಗುಂಗು) ಹೆಚ್ಚು, ಡಿಲೇ ಹೆಚ್ಚು, ಗೇನ್ (ನಾದ ಎಷ್ಟು ಒಡೆಯಬೇಕೆಂಬ ಮಟ್ಟ) ಹೆಚ್ಚು. ವಾದಕರು ಅವನ್ನು ಬಿಟ್ಟು ಸ್ವಂತ ಪ್ಯಾಚುಗಳನ್ನು ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕಟ್ಟಿದ್ದರು. ಹೆಡ್‌ಫೋನಿನಲ್ಲಿ ಮೆಲ್ಲಗೆ ಕೇಳುವಾಗ ತಗ್ಗಿನ ಮತ್ತು ಮೇಲಿನ ಸ್ವರಗಳು ಕಿವಿಗೆ ಕಡಿಮೆ ಅನಿಸುವುದರಿಂದ ಅವನ್ನು ಏರಿಸಿ, ನಡುವಿನ ಸ್ವರಗಳನ್ನು ಇಳಿಸಿದ್ದರು. ಕಿವಿಯ ಈ ಸ್ವಭಾವವನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ವೇದಿಕೆಯ ಮಟ್ಟಕ್ಕೆ ಬಂದಾಗ ಆ ತಗ್ಗಿನ ಸ್ವರಗಳು ಬೇಸ್ ಗಿಟಾರ್ ಮತ್ತು ಢೋಲಕ್ಕಿನ ಬಾಯಾ ಎನ್ನುವ ತಗ್ಗಿನ ನಾದದ ಬದಿಗೆ ಡಿಕ್ಕಿ ಹೊಡೆದವು, ಮೇಲಿನವು ಗಾಯಕಿಯ ಅಕ್ಷರಗಳ ಮೇಲೆ ಬಿದ್ದವು, ಗಿಟಾರ್ ಗಿಟಾರಾಗಿ ಕೇಳಬೇಕಾದ ನಡುವಿನ ಜಾಗ ಖಾಲಿ ಉಳಿಯಿತು.

ಪರಿಚಯದ ಸೌಂಡ್ ಬಾಡಿಗೆಯವರ ಗೋದಾಮಿನಲ್ಲಿ ಒಂದು ಮಧ್ಯಾಹ್ನ ದೊಡ್ಡ ಪೆಟ್ಟಿಗೆಯೊಂದನ್ನು ಹಚ್ಚಿ, ಕಾರ್ಯಕ್ರಮದಲ್ಲಿ ಇರುವಷ್ಟೇ ಜೋರಿನಲ್ಲಿ, ತಂಡದ ಹಳೆಯ ರೆಕಾರ್ಡಿಂಗ್ ಒಂದನ್ನು ಜೊತೆಗೆ ನುಡಿಸಿಕೊಂಡು ಎಲ್ಲ ಪ್ಯಾಚುಗಳನ್ನು ಮತ್ತೆ ಕಟ್ಟಿದೆವು. ಗಿಟಾರ್ ಒಂಟಿಯಾಗಿ ಚೆನ್ನಾಗಿ ಕೇಳುವುದು ಅಲ್ಲಿ ನಮ್ಮ ಗುರಿಯಾಗಿರಲಿಲ್ಲ. ಗಿಟಾರಿನ ಅತಿ ದಪ್ಪ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಸ್. ಆದರೂ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದೆವು, ಏಕೆಂದರೆ ಆ ಜಾಗ ಬೇಸಿನದು. ಮೇಲೆ 5,500ರ ಸುತ್ತ ಇನ್ನೊಂದು ಕತ್ತರಿ. ಲೀಡ್ ಪ್ಯಾಚಿನಲ್ಲಿ ಗೇನನ್ನು ವಾದಕರು ಬಯಸಿದ್ದಕ್ಕಿಂತ ಗಣನೀಯವಾಗಿ ಇಳಿಸಿದೆವು. ಹೆಚ್ಚಿನ ಗೇನ್ ನಾದದ ಏರಿಳಿತವನ್ನು ಒತ್ತಿ ಸಮತಟ್ಟು ಮಾಡುತ್ತದೆ, ಮೀಟಿನ ತುದಿ ಕಾಣೆಯಾಗುತ್ತದೆ, ಜೋರಾಗಿದ್ದರೂ ಹಿಂದೆ ಸರಿದಂತೆ ಕೇಳುತ್ತದೆ. ಟ್ಯೂಬ್ ಸ್ಕ್ರೀಮರ್ ಪೆಡಲ್ ದಶಕಗಳಿಂದ ವೇದಿಕೆಯಲ್ಲಿ ಉಳಿದಿರುವುದಕ್ಕೆ ಒಂದು ಕಾರಣ ಅದು 720 ಹರ್ಟ್ಸ್ ಆಸುಪಾಸಿನ ನಡುಸ್ವರಗಳನ್ನು ಮುಂದಕ್ಕೆ ತಂದು, ತಗ್ಗಿನದನ್ನು ಇಳಿಸುವುದು. ಅದೇ ನೀತಿಯನ್ನು ಪ್ರೊಸೆಸರಿನ ಒಳಗೆ ಅನುಸರಿಸಿ, ಲೀಡಿನ ಮಟ್ಟವನ್ನು ಸ್ಟ್ರಮ್ಮಿಂಗಿಗಿಂತ ನಾಲ್ಕು ಡೆಸಿಬೆಲ್ಲಿನಷ್ಟು ಮಾತ್ರ ಮೇಲಿಟ್ಟೆವು.

ರಿವರ್ಬ್ ವಿಚಾರದಲ್ಲಿ ನಮ್ಮಿಬ್ಬರ ಅಭಿಪ್ರಾಯ ಕೂಡಲಿಲ್ಲ. ಕಲ್ಯಾಣ ಮಂಟಪದ ಕಾಂಕ್ರೀಟ್ ಗೋಡೆ ಮತ್ತು ಕಲ್ಲಿನ ನೆಲ ತಾವೇ ಬೇಕಾದಷ್ಟು ರಿವರ್ಬ್ ಕೊಡುವುದರಿಂದ ಪ್ರೊಸೆಸರಿನದನ್ನು ಪೂರ್ತಿ ತೆಗೆಯಬೇಕೆಂದು ನಾನು, ಒಣ ನಾದದಲ್ಲಿ ಬೆರಳಿಗೆ ಉತ್ಸಾಹ ಬರುವುದಿಲ್ಲವೆಂದು ಅವರು. ಕೊನೆಗೆ ಬಯಲಿಗೊಂದು, ಮಂಟಪಕ್ಕೊಂದು ಎಂದು ಪ್ಯಾಚುಗಳ ಎರಡು ಗುಂಪು ಮಾಡಿದರು. ಎರಡೂ ಗುಂಪಿನಲ್ಲಿ ಕ್ರಮ ಒಂದೇ: ಮೊದಲು ಶುದ್ಧ ನಾದ, ಆಮೇಲೆ ಕೋರಸ್, ಆಮೇಲೆ ಹದವಾಗಿ ಒಡೆದ ನಾದ, ಕೊನೆಗೆ ಲೀಡ್. ವಾ ಬೇಕಾದಾಗ ಎಕ್ಸ್‌ಪ್ರೆಶನ್ ಪೆಡಲಿನ ತುದಿ ಒತ್ತಿದರೆ ಸಾಕು. ಹಾಡಿಗೊಂದು ಪ್ಯಾಚ್ ಮಾಡುವ ಹಂಬಲವನ್ನು ಅವರು ಬಿಟ್ಟರು. ಚೀಟಿ ಬಂದ ಹಾಡಿಗೆ ಪಟ್ಟಿಯಲ್ಲಿ ಪ್ಯಾಚ್ ಹುಡುಕುತ್ತ ಬಗ್ಗಿ ನಿಂತ ವಾದಕ ಸಭಿಕರಿಗೂ ಚೆಂದ ಕಾಣುವುದಿಲ್ಲ.

ವಿದ್ಯುತ್ತು

ನಮ್ಮ ಕಡೆಯ ಬಯಲು ಕಾರ್ಯಕ್ರಮಗಳಲ್ಲಿ ಸಲಕರಣೆಯ ಆಯ್ಕೆಯಷ್ಟೇ ಮುಖ್ಯವಾದದ್ದು ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದು. ಕಂಬದಿಂದ ತಾತ್ಕಾಲಿಕವಾಗಿ ಎಳೆದ ತಂತಿ, ಕರೆಂಟ್ ಹೋದ ಕೂಡಲೇ ಜನರೇಟರ್, ಅದರ ಮೇಲೆ ಲೈಟಿಂಗಿನವರ ಹೊರೆ. ಮೂರು ಫೇಸಿನ ಪೂರೈಕೆಯಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ತಂತಿ ಸಡಿಲವಾದರೆ 230 ವೋಲ್ಟಿನ ಯಂತ್ರಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹರಿಯಬಹುದು. ಪ್ರೊಸೆಸರನ್ನು ಸೆಲ್ ಮೇಲೆ ನಡೆಸಲು ನಾನು ಒತ್ತಾಯಿಸಿದ್ದು ಇದಕ್ಕಾಗಿ. ಕರೆಂಟ್ ಹೋಗಿ ಜನರೇಟರ್ ಹತ್ತುವ ನಡುವೆ ಯಂತ್ರ ಮೊದಲಿನಿಂದ ಆರಂಭವಾಗುವ ತಾಪತ್ರಯವೂ ಇಲ್ಲ, ಅಡಾಪ್ಟರಿನಿಂದ ನುಸುಳುವ ಗುಂಯ್ ಸದ್ದೂ ಇಲ್ಲ. ಅವರು ಚಾರ್ಜ್ ಮಾಡಬಹುದಾದ ಸೆಲ್‌ಗಳನ್ನು ನಾಲ್ಕು ನಾಲ್ಕರ ಎರಡು ಸೆಟ್ ಇಟ್ಟುಕೊಂಡು, ಪ್ರತಿ ಕಾರ್ಯಕ್ರಮಕ್ಕೂ ಹೊಸದಾಗಿ ಚಾರ್ಜ್ ಆದದ್ದನ್ನೇ ಹಾಕುತ್ತಾರೆ.

ಅಡಾಪ್ಟರ್ ಬಳಸಲೇಬೇಕಾದಾಗ ಒಂದು ಎಚ್ಚರಿಕೆ ಅಗತ್ಯ. ಬಾಸ್ ಪೆಡಲುಗಳಿಗೂ ಈ ಪ್ರೊಸೆಸರಿಗೂ ಬೇಕಾದದ್ದು 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಯಮಾಹಾ ಕೀಬೋರ್ಡುಗಳ 12 ವೋಲ್ಟಿನ ಅಡಾಪ್ಟರಿನಲ್ಲಿ ನಡುಭಾಗ ಪಾಸಿಟಿವ್. ಕತ್ತಲೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಅದೂ ಇಬ್ಬರು ವಾದಕರು ಅಕ್ಕಪಕ್ಕ ನಿಂತಾಗ. ಗಿಟಾರಿನ ಅಡಾಪ್ಟರಿನ ತುದಿಗೆ ಕೆಂಪು ಟೇಪ್ ಸುತ್ತಿಸಿದೆ.

ಗಿಟಾರಿನ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದಾಗ ಜುಮ್ಮೆನ್ನುವುದನ್ನು ನಮ್ಮ ಕಲಾವಿದರು ನಗುತ್ತ ಹೇಳಿಕೊಳ್ಳುತ್ತಾರೆ. ಅದು ನಗುವ ವಿಷಯವಲ್ಲ. ವೇದಿಕೆಯ ವಾದ್ಯಗಳು ಒಂದು ಕಡೆಯಿಂದಲೂ ಮಿಕ್ಸರ್ ಇನ್ನೊಂದು ಕಡೆಯಿಂದಲೂ ವಿದ್ಯುತ್ ಪಡೆದು, ಎರಡರಲ್ಲಿ ಒಂದರ ಅರ್ಥಿಂಗ್ ಕೆಟ್ಟಿದ್ದರೆ ಹೀಗಾಗುತ್ತದೆ. ಪ್ರೊಸೆಸರ್ ಸೆಲ್ ಮೇಲಿದ್ದರೂ ಗಿಟಾರಿನ ತಂತಿಗಳು ಕೀಬೋರ್ಡ್ ಆಂಪಿನ ಮೂಲಕ ಅರ್ಥಿಂಗಿಗೆ ಸೇರುತ್ತವೆ, ಹೀಗಾಗಿ ಅಪಾಯ ಪೂರ್ತಿ ತಪ್ಪುವುದಿಲ್ಲ. ಈಗ ವೇದಿಕೆಯ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ತೆಗೆದು, ಮೈಕಿನ ಜಾಲರಿ ಮತ್ತು ಗಿಟಾರಿನ ಸೇತುವೆಯ ನಡುವೆ ಮಲ್ಟಿಮೀಟರ್ ಹಿಡಿದು ನೋಡಿದ ಮೇಲೆಯೇ ನುಡಿಸಲು ಬಿಡುತ್ತೇನೆ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿಯುವವರಿದ್ದಾರೆ; ಅದಕ್ಕೆಂದೇ ಡಿಐ ಮೇಲೆ ಗುಂಡಿ ಇರುವಾಗ ಅರ್ಥಿಂಗ್ ಕಿತ್ತು ಹಾಕುವುದು ಪ್ರಾಣದ ಜೊತೆ ಚೆಲ್ಲಾಟ.

ಸಿಂಗಲ್ ಕಾಯಿಲ್ ಪಿಕಪ್ಪುಗಳು ಲೈಟಿಂಗ್ ತಂತಿಗಳಿಂದ ಹೀರುವ ಸದ್ದು ಇದರಿಂದ ನಿಲ್ಲುವುದಿಲ್ಲ. ಅದಕ್ಕೆ ನುಡಿಸದಿರುವಾಗ ಸದ್ದನ್ನು ತಡೆಯುವ ನಾಯ್ಸ್ ಗೇಟನ್ನು ಪ್ರೊಸೆಸರಿನೊಳಗೆ ಡಿಲೇಯ ಮುಂಚೆ ಹಾಕಿದ್ದಾರೆ, ಡಿಸ್ಟಾರ್ಶನ್ ಇರುವಲ್ಲಿ ಸೇತುವೆಯ ಬಳಿಯ ಹಂಬಕರನ್ನು ಬಳಸುತ್ತಾರೆ.

ಬಳಕೆಯಲ್ಲಿ ಕಂಡದ್ದು

ಧ್ವನಿವರ್ಧಕಗಳನ್ನು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಳಸಬಾರದೆಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಸಭಾ ಭಾಷಣಗಳು ಮುಗಿಯುವುದು ತಡ, ಹತ್ತರ ಗಡಿ ಕಟ್ಟುನಿಟ್ಟು. ಹೀಗಾಗಿ ಸೌಂಡ್ ಚೆಕ್ಕಿಗೆ ಸಿಗುವುದು ಅತಿಥಿಗಳು ಹಾರ ಹಾಕಿಸಿಕೊಳ್ಳುವಷ್ಟು ಸಮಯ. ಹೊಸ ಜೋಡಣೆಯ ಅತಿ ದೊಡ್ಡ ಪ್ರಯೋಜನ ಇಲ್ಲಿಯೇ ಕಂಡಿತು. ಗಿಟಾರ್ ಯಾವ ಊರಿನಲ್ಲೂ ಒಂದೇ ಮಟ್ಟದಲ್ಲಿ, ಒಂದೇ ಗುಣದಲ್ಲಿ ನನ್ನ ಚಾನೆಲ್ಲಿಗೆ ಬರುತ್ತದೆ. ಈಕ್ವಲೈಸರ್ ಗುಂಡಿಗಳನ್ನೆಲ್ಲ ನಡುವಿಗೆ ಇಟ್ಟು ಫೇಡರ್ ಏರಿಸಿದರೆ ಕೆಲಸ ಮುಗಿಯಿತು. ವೇದಿಕೆಯ ಸದ್ದು ಇಳಿದದ್ದರಿಂದ ಗಾಯಕರ ಮಾನಿಟರ್ ಇಳಿಯಿತು, ಅದು ಇಳಿದದ್ದರಿಂದ ಸೀಟಿ ಹೊಡೆಯುವುದು ಕಡಿಮೆಯಾಯಿತು.

ವಾದಕರಿಗೆ ಪೂರ್ಣ ಸಮಾಧಾನವಾಗಿದೆಯೆಂದು ಹೇಳಲಾರೆ. ಆಂಪಿನ ಎದುರು ನಿಂತು ಸ್ವರವನ್ನು ಫೀಡ್‌ಬ್ಯಾಕಿನಲ್ಲಿ ತೂಗುವ ಸುಖ ಅವರಿಗೆ ಈಗ ಇಲ್ಲ, ಮತ್ತು ಅದನ್ನು ಯಾವ ಪ್ಯಾಚೂ ಕೊಟ್ಟಿಲ್ಲ. ದೊಡ್ಡ ಉತ್ಸವವೊಂದರಲ್ಲಿ ಬಾಡಿಗೆಯ ಜೆಸಿ-120 ವೇದಿಕೆಯ ಮೇಲೆ ಸಿಕ್ಕಾಗ ಅವರು ಪ್ರೊಸೆಸರಿನ ಔಟ್‌ಪುಟ್ ಸೆಲೆಕ್ಟನ್ನು (ನಾದ ಯಾವ ಸಾಧನಕ್ಕೆ ಹೋಗುತ್ತದೆಂದು ತಿಳಿಸುವ ಆಯ್ಕೆ) ಆ ಆಂಪಿನ ರಿಟರ್ನಿಗೆ ಬದಲಿಸಿ, ಎಫೆಕ್ಟ್ ಲೂಪಿನ ಹಿಂಬದಿಯ ಜ್ಯಾಕಿನಲ್ಲಿ, ಅಂದರೆ ಆಂಪಿನ ಸ್ವಂತ ನಾದದ ಗುಂಡಿಗಳನ್ನು ತಪ್ಪಿಸಿ ಒಳಹೋಗುವ ದಾರಿಯಲ್ಲಿ, ಹಾಕಿ ನುಡಿಸಿದರು. ಆ ಸಂಜೆ ಡಿಐ ತೆಗೆದು ಆಂಪಿಗೆ ಮೈಕ್ ಹಿಡಿದೆವು, ಏಕೆಂದರೆ ಔಟ್‌ಪುಟ್ ಸೆಲೆಕ್ಟ್ ಇಡೀ ಯಂತ್ರಕ್ಕೆ ಒಂದೇ ಆಗಿರುವುದರಿಂದ ಮಿಕ್ಸರಿಗೊಂದು ಥರ, ಆಂಪಿಗೊಂದು ಥರ ಕಳುಹಿಸಲಾಗುವುದಿಲ್ಲ. ನುಡಿಸುವಾಗ ಅವರ ಮುಖ ಬೇರೆಯೇ ಆಗಿತ್ತೆಂಬುದನ್ನು ಒಪ್ಪಬೇಕು.

ಪ್ರೊಸೆಸರ್, ಡಿಐ, ಒಳ್ಳೆಯ ತಂತಿಗಳು ಮತ್ತು ಸೆಲ್ ಚಾರ್ಜರ್ ಸೇರಿ ಮೀಸಲಿಟ್ಟ ಹಣದಲ್ಲಿ ಸುಮಾರು ಹತ್ತು ಸಾವಿರ ಉಳಿಯಿತು. ಎಲ್ಲವೂ ಒಂದೇ ಯಂತ್ರದ ಮೇಲೆ ನಿಂತಿರುವುದು ಈ ವ್ಯವಸ್ಥೆಯ ದೌರ್ಬಲ್ಯ. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ನಿಂತ ಕ್ರೂಸರಿನೊಳಗೆ ಮರೆತರೆ, ಇಲ್ಲವೇ ಜಾತ್ರೆಯ ದೂಳು ಸ್ವಿಚ್ಚಿನೊಳಗೆ ಹೊಕ್ಕರೆ ಇಡೀ ಗಿಟಾರ್ ಮೌನ. ಉಳಿದ ಹಣದಲ್ಲಿ ಪೆಟ್ಟಿಗೆಯ ಅನುಕರಣೆ ಇರುವ ಒಂದು ಸಣ್ಣ ಪೆಡಲ್ ತಂದು, ಹಳೆಯ ಓವರ್‌ಡ್ರೈವ್ ಮತ್ತು ಡಿಲೇ ಜೊತೆ ಒಂದು ಹಲಗೆಗೆ ಬಿಗಿದು ಬದಲಿ ವ್ಯವಸ್ಥೆಯಾಗಿ ಇಡುವುದೆಂದು ಮಾತಾಗಿದೆ. ಅಲ್ಲಿಯವರೆಗೆ ಹಳೆಯ 15 ವ್ಯಾಟಿನ ಆಂಪ್ ಕ್ರೂಸರಿನ ಹಿಂದಿನ ಸೀಟಿನ ಕೆಳಗೆ ಇರುತ್ತದೆ, ಅದರ ಜೊತೆ ಒಂದು ಮೈಕ್ ತಂತಿಯೂ ಇರುತ್ತದೆ.